ಮೊದಲು ತಕ್ಕಡಿ, ಆಮೇಲೆ ಡ್ರೋನ್

ಹೋದ ಮಳೆಗಾಲದಲ್ಲಿ ಹರಿಹರದ ಕಡೆಯಿಂದ ಒಬ್ಬರು ಫೋನ್ ಮಾಡಿದರು. "ಸಾರ್, ನಮ್ ಹುಡುಗ ಒಂದು ಡ್ರೋನ್ ತಗಂಡಾನೆ. ನಿಮ್ ಆರ್‌ಟಿಒದಾಗ ಲೈಸೆನ್ಸ್ ಮಾಡಿಸಿಕೊಡ್ರಿ. ಎಷ್ಟಾಗುತ್ತೆ ಹೇಳಿ, ಈಗಲೇ ಕಳಿಸ್ತೀನಿ."

"ಲೈಸೆನ್ಸ್ ಹುಡುಗನಿಗೋ, ಡ್ರೋನಿಗೋ?" ಎಂದೆ.

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. "ಎರಡಕ್ಕೂ ಮಾಡ್ಬಿಡಿ ಸಾರ್, ಒಟ್ಟಿಗೇ ಆಗ್ಲಿ."

ನಾನು ಪಾಠ ಮಾಡುವ ಶಾಲೆಯ ಬೋರ್ಡಿನ ಮೇಲೆ ಆರ್‌ಪಿಟಿಒ ಎಂದು ಬರೆದಿದೆ. ರಿಮೋಟ್ ಪೈಲಟ್ ಟ್ರೈನಿಂಗ್ ಆರ್ಗನೈಸೇಷನ್. ನಡುವಿನ ಆ 'ಪಿ' ಯಾರ ಕಣ್ಣಿಗೂ ಬೀಳುವುದಿಲ್ಲ. ಎಲ್‌ಎಲ್ ಮಾಡಿಸಿ, ಎಂಟು ಹಾಕಿ, ಡಿಎಲ್ ತಗೊಂಡ ಅಭ್ಯಾಸದಲ್ಲೇ ಜನ ಇಲ್ಲಿಗೂ ಬರುತ್ತಾರೆ. ತಮಾಷೆ ಏನೆಂದರೆ ಇಲ್ಲಿಯೂ ಎಂಟು ಹಾಕಲೇಬೇಕು. ಅದರ ಕತೆ ಆಮೇಲೆ.

ಅವರ ಆ ಒಂದು ಮಾತಿನಲ್ಲೇ ನಮ್ಮ ಕಸುಬಿನ ಗೋಜಲೆಲ್ಲ ಇದೆ. ಡ್ರೋನ್ ಹಾರಿಸಿ ದುಡ್ಡು ಮಾಡಬೇಕೆಂದರೆ ನೋಡಬೇಕಾದದ್ದು ಮೂರು: ಹಾರಿಸುವ ಮನುಷ್ಯ, ಹಾರುವ ಯಂತ್ರ, ಹಾರುವ ಜಾಗ. ಒಂದರ ಕಾಗದ ಇನ್ನೊಂದಕ್ಕೆ ನಡೆಯುವುದಿಲ್ಲ. ನಮ್ಮಲ್ಲಿಗೆ ಬರುವವರಲ್ಲಿ ಜಾಸ್ತಿ ಜನ ಮೊದಲು ಯಂತ್ರ ಕೊಂಡಿರುತ್ತಾರೆ, ಆಮೇಲೆ ಕೋರ್ಸಿನ ಫೀ ಕಟ್ಟುತ್ತಾರೆ, ಜಾಗದ ವಿಷಯ ಪೊಲೀಸರು ಬಂದಾಗ ಗೊತ್ತಾಗುತ್ತದೆ. ಪೂರ್ತಿ ಉಲ್ಟಾ.

ಮೊದಲು ಒಂದು ಮಾತು ಬಿಡಿಸಿ ಹೇಳಬೇಕು. ಡ್ರೋನ್ ಹಾರಿಸಲು 'ಲೈಸೆನ್ಸ್' ಎಂಬುದು ನಮ್ಮ ದೇಶದಲ್ಲಿ ಈಗ ಇಲ್ಲ. ನಿಯಮಗಳು ಬೇಗ ಬೇಗ ಬದಲಾದವು. 2018ರಲ್ಲಿ ಡಿಜಿಸಿಎ, ಅಂದರೆ ನಾಗರಿಕ ವಿಮಾನಯಾನ ನಿರ್ದೇಶನಾಲಯ, ಮೊದಲ ಸಲ ಸರಿಯಾದ ಕಟ್ಟಳೆ ತಂದಿತು. 2021ರ ಮಾರ್ಚ್‌ನಲ್ಲಿ ಇನ್ನೊಂದು ನಿಯಮ ಬಂತು. ಅದನ್ನು ಓದಿ ಮುಗಿಸುವಷ್ಟರಲ್ಲಿ, ಅದೇ ವರ್ಷದ ಆಗಸ್ಟ್‌ನಲ್ಲಿ ಅದನ್ನು ತೆಗೆದು 'ಡ್ರೋನ್ ನಿಯಮಗಳು, 2021' ಎಂದು ಹೊಸದು ಕೊಟ್ಟರು. ಬೇಕಾದ ಫಾರಂಗಳ ಸಂಖ್ಯೆ ಇಳಿಯಿತು, ಫೀಗಳು ನೂರು ರೂಪಾಯಿಗೆ ಬಂದವು. 2022ರ ಫೆಬ್ರವರಿ ತಿದ್ದುಪಡಿಯಲ್ಲಿ ಲೈಸೆನ್ಸ್ ಎಂಬ ಪದವೇ ಹೋಯಿತು. ಈಗಿರುವುದು ರಿಮೋಟ್ ಪೈಲಟ್ ಸರ್ಟಿಫಿಕೇಟ್. ನಾವು ಆರ್‌ಪಿಸಿ ಅನ್ನುತ್ತೇವೆ.

ಹೆಸರಷ್ಟೇ ಬದಲಾಗಲಿಲ್ಲ. ಹಿಂದೆ ಶಾಲೆ ಕಲಿಸುತ್ತಿತ್ತು, ಡಿಜಿಸಿಎ ಲೈಸೆನ್ಸ್ ಕೊಡುತ್ತಿತ್ತು. ಈಗ ಕಲಿಸುವ ಶಾಲೆಯೇ ಪರೀಕ್ಷೆ ಮಾಡಿ, ಸರ್ಕಾರದ ಪೋರ್ಟಲ್ ಮೂಲಕ ಸರ್ಟಿಫಿಕೇಟನ್ನೂ ಕೊಡುತ್ತದೆ. ಶಾಲೆಗೆ ಡಿಜಿಸಿಎ ಮಾನ್ಯತೆ ಇರಬೇಕು, ಅಷ್ಟೇ. ಇದರಿಂದ ತಿಂಗಳುಗಟ್ಟಲೆ ಕಾಯುವುದು ತಪ್ಪಿತು. ಆದರೆ ಡ್ರೈವಿಂಗ್ ಸ್ಕೂಲಿನವನೇ ಡಿಎಲ್ ಕೊಡುವ ಹಾಗಾದರೆ ಏನೇನಾಗಬಹುದು ಎಂದು ಯೋಚಿಸಿ. ಒಳ್ಳೆಯ ಶಾಲೆಗಳು ಇವೆ. ಸುಮ್ನೆ ಕೂರಿಸಿ ಕಳಿಸುವವೂ ಇವೆ. ಫೀ ಕಟ್ಟುವ ಮೊದಲು ಫೋನಿನಲ್ಲೇ ಒಂದು ಪ್ರಶ್ನೆ ಕೇಳಿ: "ಐದು ದಿನದ ಕೋರ್ಸಿನಲ್ಲಿ ರಿಮೋಟು ನನ್ನ ಕೈಯಲ್ಲಿ ಎಷ್ಟು ನಿಮಿಷ ಇರುತ್ತೆ? ಒಂದು ಡ್ರೋನಿಗೆ ಎಷ್ಟು ಜನ?" ಉತ್ತರ ತಡವರಿಸಿದರೆ ಬೇರೆ ಕಡೆ ನೋಡಿ.

ಇನ್ನು ತಕ್ಕಡಿಯ ವಿಷಯ. ನನ್ನ ಮೇಜಿನ ಮೇಲೆ ಅಡುಗೆಮನೆಯ ಒಂದು ಡಿಜಿಟಲ್ ತಕ್ಕಡಿ ಇದೆ. ಹಿಟ್ಟು, ಸಕ್ಕರೆ ತೂಗುವಂಥದ್ದು. ಸಲಹೆ ಕೇಳಲು ಬಂದವರು ಡ್ರೋನ್ ತಂದಿದ್ದರೆ ಮೊದಲು ಅದರ ಮೇಲೆ ಇಡಿಸುತ್ತೇನೆ. ಯಾಕೆಂದರೆ ನಿಯಮವೆಲ್ಲ ನಿಂತಿರುವುದು ತೂಕದ ಮೇಲೆ. 250 ಗ್ರಾಂವರೆಗೆ ನ್ಯಾನೊ. ಅಲ್ಲಿಂದ 2 ಕೆಜಿವರೆಗೆ ಮೈಕ್ರೊ. 2ರಿಂದ 25 ಕೆಜಿ ಸ್ಮಾಲ್. 25ರಿಂದ 150 ಮೀಡಿಯಂ. ಅದರಾಚೆ ಲಾರ್ಜ್, ಅದು ನಮ್ಮಂಥವರ ಮಾತಲ್ಲ. ತೂಕ ಅಂದರೆ ಬರೀ ಮೈತೂಕವಲ್ಲ. ಬ್ಯಾಟರಿ, ಕ್ಯಾಮೆರಾ, ಟ್ಯಾಂಕಿನಲ್ಲಿರುವ ಔಷಧಿ ಎಲ್ಲ ಸೇರಿ ನೆಲ ಬಿಡುವಾಗ ಎಷ್ಟು ತೂಗುತ್ತದೋ ಅಷ್ಟು.

ನ್ಯಾನೊ ಹಾರಿಸಲು ಆರ್‌ಪಿಸಿ ಬೇಡ. ಮೈಕ್ರೊ ಹಾರಿಸಲು, ಶೋಕಿಗಾದರೆ ಬೇಡ, ದುಡ್ಡಿಗಾದರೆ ಬೇಕು. ಸ್ಮಾಲ್‌ನಿಂದ ಮೇಲಕ್ಕೆ ಬೇಕೇ ಬೇಕು.

ಮದುವೆ ವಿಡಿಯೋ ಮಾಡುವ ಗೆಳೆಯರು ಇಲ್ಲಿ ಸ್ವಲ್ಪ ನಿಲ್ಲಬೇಕು. ನಾನೂ ಆ ಕಸುಬಿನಿಂದಲೇ ಬಂದವನು. ದಾವಣಗೆರೆಯ ಛತ್ರಗಳಲ್ಲಿ ಹತ್ತು ವರ್ಷ ಕ್ಯಾಮೆರಾ ಹಿಡಿದಿದ್ದೇನೆ. 249 ಗ್ರಾಂ ತೂಗುವ ಕ್ಯಾಮೆರಾ ಡ್ರೋನುಗಳು ಮಾರುಕಟ್ಟೆಗೆ ಬಂದದ್ದು ಯಾಕೆ ಅಂದುಕೊಂಡಿರಿ? ಬೇರೆ ಬೇರೆ ದೇಶಗಳಲ್ಲಿ ಈ 250ರ ಗೆರೆ ಇದೆ, ಅದಕ್ಕೇ. ನಿಮ್ಮದು ನಿಜವಾಗಿಯೂ ನ್ಯಾನೊ ಆಗಿದ್ದರೆ ನೀವು ನಲವತ್ತು ಸಾವಿರ ಕೊಟ್ಟು ಕೋರ್ಸ್ ಮಾಡಬೇಕಾಗಿಲ್ಲ. ಇದನ್ನು ಹೇಳಿದರೆ ನಮ್ಮ ಶಾಲೆಗೆ ನಷ್ಟ, ಆದರೂ ಹೇಳಬೇಕು. ಆದರೆ ಆ ಡ್ರೋನಿಗೇ ಜಾಸ್ತಿ ಹೊತ್ತು ಬರುವ ದೊಡ್ಡ ಬ್ಯಾಟರಿ ಹಾಕಿದಿರೋ, ತಕ್ಕಡಿ 250 ದಾಟುತ್ತದೆ. ಕಲ್ಯಾಣ ಮಂಟಪದೊಳಗೆ ಹಾರಿಸಲು ರೆಕ್ಕೆಗೆ ಗಾರ್ಡ್ ಹಾಕಿದಿರೋ, ಆಗಲೂ ದಾಟುತ್ತದೆ. ದಾಟಿದರೆ ಅದು ಮೈಕ್ರೊ, ಮದುವೆಗೆ ನೀವು ದುಡ್ಡು ತಗೊಂಡಿದ್ದೀರಿ, ಆರ್‌ಪಿಸಿ ಬೇಕಾಯಿತು. ಎಷ್ಟೋ ಜನ ನನ್ನ ಮೇಜಿನ ಮೇಲೆ ತಕ್ಕಡಿಯ ಅಂಕಿ ನೋಡಿಯೇ ಮುಖ ಸಣ್ಣ ಮಾಡಿಕೊಂಡಿದ್ದಾರೆ.

ತೂಕ ಗೊತ್ತಾದ ಮೇಲೆ ಯಂತ್ರದ ಜಾತಕ. ಹರಿಹರದ ಆ ಹುಡುಗ ಕೊಂಡದ್ದು ಸೆಕೆಂಡ್ ಹ್ಯಾಂಡ್. ಆನ್‌ಲೈನ್ ಜಾಹೀರಾತು ನೋಡಿ, ಬಸ್ ಸ್ಟ್ಯಾಂಡಿನಲ್ಲಿ ಕೈಗೆ ಕೈ. ತೂಕ ಒಂದು ಕೆಜಿಗೆ ಸ್ವಲ್ಪ ಕಮ್ಮಿ. ಬಿಲ್ ಇಲ್ಲ. ಹೊರದೇಶದ ಹೆಸರಾಂತ ಮಾಲು. "ಚೆನ್ನಾಗಿ ಹಾರುತ್ತೆ ಸಾರ್" ಎಂದ. ಹಾರುವುದರಲ್ಲಿ ನನಗೂ ಅನುಮಾನ ಇರಲಿಲ್ಲ.

ಬೈಕಿಗೆ ನಂಬರ್ ಪ್ಲೇಟ್ ಇರುವ ಹಾಗೆ ಡ್ರೋನಿಗೆ ಯುಐಎನ್ ಎಂಬ ನಂಬರು ಬೇಕು. ಅದನ್ನು ಪಡೆಯುವ ಫೀ ಬರೀ 100 ರೂಪಾಯಿ. ಆದರೆ ನಂಬರು ಸಿಗಬೇಕಾದರೆ ಆ ಮಾಡೆಲ್‌ಗೆ ಟೈಪ್ ಸರ್ಟಿಫಿಕೇಟ್ ಇರಬೇಕು. ಅಂದರೆ ಕಂಪನಿಯವರು ತಮ್ಮ ಮಾಡೆಲನ್ನು ಪರೀಕ್ಷೆಗೆ ಕೊಟ್ಟು, ಕ್ವಾಲಿಟಿ ಕೌನ್ಸಿಲ್ ಆಫ್ ಇಂಡಿಯಾದ ಪದ್ಧತಿಯಲ್ಲಿ ಪಾಸಾಗಿ, ಡಿಜಿಸಿಎ ಒಪ್ಪಿಗೆ ಪಡೆದಿರಬೇಕು. ಈ ಹೊಸ ನಿಯಮದಡಿ ಮೊದಲ ಟೈಪ್ ಸರ್ಟಿಫಿಕೇಟ್ ಸಿಕ್ಕಿದ್ದು 2022ರ ಜೂನ್‌ನಲ್ಲಿ, ಹೊಲಕ್ಕೆ ಔಷಧಿ ಹೊಡೆಯುವ ಒಂದು ದೇಸಿ ಡ್ರೋನಿಗೆ. ನ್ಯಾನೊಗೆ ಈ ಟೈಪ್ ಸರ್ಟಿಫಿಕೇಟಿನ ಗೊಡವೆ ಇಲ್ಲ. ಮೈಕ್ರೊ, ಸ್ಮಾಲ್ ಎರಡಕ್ಕೂ ಇದೆ.

ಅದರ ಮೇಲೆ ಇನ್ನೊಂದು ಬೀಗ. 2022ರ ಫೆಬ್ರವರಿ 9ರಂದು ಕೇಂದ್ರ ಸರ್ಕಾರ ಹೊರದೇಶದ ಡ್ರೋನುಗಳ ಆಮದನ್ನೇ ನಿಲ್ಲಿಸಿತು. ಪೂರ್ತಿ ಜೋಡಿಸಿದ್ದೂ ಇಲ್ಲ, ಬಿಡಿಸಿ ಪೆಟ್ಟಿಗೆಗೆ ತುಂಬಿ ಇಲ್ಲಿ ಜೋಡಿಸುವುದೂ ಇಲ್ಲ. ಬಿಡಿಭಾಗ ತರಿಸಬಹುದು. ಸಂಶೋಧನೆಗೆ, ರಕ್ಷಣೆಗೆ ಮಾತ್ರ ಅನುಮತಿಯ ದಾರಿ ಇದೆ.

ಇಷ್ಟು ಹೇಳಿದ ಮೇಲೆ ಪ್ರತಿ ಬ್ಯಾಚಿನಲ್ಲೂ ಒಬ್ಬ ಕೈ ಎತ್ತುತ್ತಾನೆ. "ಸಾರ್, ನಮ್ ಚಿಕ್ಕಪ್ಪನ ಮಗ ಡಲ್ಲಾಸಲ್ಲಿದಾನೆ, ಬರುವಾಗ ತರ್ತಾನೆ." ತರಬಹುದು, ಏರ್‌ಪೋರ್ಟಿನ ಕಸ್ಟಮ್ಸ್‌ನಲ್ಲಿ ಬಿಟ್ಟು ಬರಬಹುದು. ಅದೇ ಚಿಕ್ಕಪ್ಪನ ಮಗನಿಗೆ ಅಲ್ಲಿ ದುಡ್ಡಿಗೆ ಡ್ರೋನ್ ಹಾರಿಸಲು ಬೇಕಾದ ಪಾರ್ಟ್ 107 ಸರ್ಟಿಫಿಕೇಟ್ ಇದ್ದರೂ ಇಲ್ಲಿ ಅದು ಆರ್‌ಪಿಸಿ ಆಗುವುದಿಲ್ಲ. ಅಮೆರಿಕದ ಪದ್ಧತಿ ಬೇರೆ. ಅಲ್ಲಿ 16 ವರ್ಷಕ್ಕೇ ಸರ್ಟಿಫಿಕೇಟ್ ಪಡೆಯಬಹುದು. ಕಂಪ್ಯೂಟರ್ ಮುಂದೆ ಕೂತು ಉತ್ತರ ಒತ್ತಿದರೆ ಆಯಿತು, ಡ್ರೋನ್ ಹಾರಿಸಿ ತೋರಿಸುವ ಪರೀಕ್ಷೆಯೇ ಇಲ್ಲ. ನಮ್ಮಲ್ಲಿ ಮೈದಾನದಲ್ಲಿ ನಿಂತು ಹಾರಿಸಬೇಕು. ಈ ಒಂದು ವಿಷಯದಲ್ಲಿ ನಮ್ಮದೇ ವಾಸಿ ಎಂದು ನನ್ನ ಅಭಿಪ್ರಾಯ. ಅಮೆರಿಕದಲ್ಲಿರುವ ನನ್ನ ಹಳೇ ವಿದ್ಯಾರ್ಥಿಯೊಬ್ಬ ಇದನ್ನು ಒಪ್ಪುವುದಿಲ್ಲ, ಅದಿರಲಿ.

ಹಾಗಾದರೆ ಸೇರುವವರಿಗೆ ಏನೇನು ಬೇಕು? ವಯಸ್ಸು 18ರಿಂದ 65ರ ಒಳಗೆ. ಹತ್ತನೇ ಕ್ಲಾಸ್ ಪಾಸಾಗಿರಬೇಕು. ಮೊದಲು ಪಾಸ್‌ಪೋರ್ಟ್ ಕೇಳುತ್ತಿದ್ದರು, ಅದರಿಂದಲೇ ಎಷ್ಟೋ ಹಳ್ಳಿ ಹುಡುಗರು ಹಿಂದೆ ಹೋದರು. 2023ರ ಸೆಪ್ಟೆಂಬರ್‌ನಲ್ಲಿ ಅದನ್ನು ಕೈಬಿಟ್ಟರು. ಈಗ ವೋಟರ್ ಐಡಿ, ರೇಷನ್ ಕಾರ್ಡ್, ಡಿಎಲ್ ಇಂಥವು ನಡೆಯುತ್ತವೆ. ಕೋರ್ಸಿನ ಫೀ ಶಾಲೆಯಿಂದ ಶಾಲೆಗೆ ಬೇರೆ. ನಾನು ಕಂಡಂತೆ ಸ್ಮಾಲ್ ವರ್ಗಕ್ಕೆ ಮೂವತ್ತು ಸಾವಿರದಿಂದ ಅರವತ್ತು ಸಾವಿರದವರೆಗೆ ಹೇಳುತ್ತಾರೆ. ಸರ್ಕಾರಕ್ಕೆ ಹೋಗುವ ಫೀ 100 ರೂಪಾಯಿ. ಮಿಕ್ಕದ್ದೆಲ್ಲ ಕಲಿಸುವುದಕ್ಕೆ. ಸರ್ಟಿಫಿಕೇಟ್ 10 ವರ್ಷ ನಡೆಯುತ್ತದೆ. ಅದರ ಮೇಲೆ ಯಾವ ವರ್ಗ ಎಂದು ಬರೆದಿರುತ್ತದೆ. ಸ್ಮಾಲ್ ಎಂದಿದ್ದರೆ ಮೀಡಿಯಂ ಹಾರಿಸುವ ಹಾಗಿಲ್ಲ, ಅದಕ್ಕೆ ಬೇರೆ ತರಬೇತಿ.

ಸ್ಮಾಲ್ ವರ್ಗದ ಕೋರ್ಸ್ ಸಾಮಾನ್ಯವಾಗಿ ಐದು ದಿನ. ಮೊದಲೆರಡು ದಿನ ಕ್ಲಾಸಿನಲ್ಲಿ. ನಿಯಮ, ಹಾರಾಟದ ತತ್ವ, ಹವಾಮಾನ, ಏರ್ ಟ್ರಾಫಿಕ್ ಕಂಟ್ರೋಲ್ ಜತೆ ಮಾತಾಡುವ ರೀತಿ, ಬ್ಯಾಟರಿ, ತುರ್ತು ಸಂದರ್ಭ. ಪಾಠದ ಪುಸ್ತಕ ಇಂಗ್ಲಿಷಿನಲ್ಲಿದೆ. ನಾನು ಕನ್ನಡದಲ್ಲಿ ವಿವರಿಸಿ ಪದಗಳನ್ನು ಮಾತ್ರ ಇಂಗ್ಲಿಷಿನಲ್ಲಿ ಇಡುತ್ತೇನೆ. ನಿಯಮದಲ್ಲಿ ಡ್ರೋನಿಗೆ ಇರುವ ಹೆಸರು ಯುಎಎಸ್, ಅನ್‌ಮ್ಯಾನ್ಡ್ ಏರ್‌ಕ್ರಾಫ್ಟ್ ಸಿಸ್ಟಂ. ರಾಯಚೂರಿನಿಂದ ಬಂದಿದ್ದ ಒಬ್ಬ ರೈತರು ಮೊದಲ ದಿನ ಮಧ್ಯಾಹ್ನದವರೆಗೆ ಯುಎಎಸ್ ಎಂದರೆ ಅಲ್ಲಿಯ ಕೃಷಿ ವಿಶ್ವವಿದ್ಯಾಲಯ ಎಂದೇ ತಿಳಿದು ನೋಟ್ಸ್ ಬರೆದುಕೊಂಡಿದ್ದರು. ತಪ್ಪು ಅವರದಲ್ಲ. ನಮ್ಮ ಕಡೆ ರೈತರಿಗೆ ಯುಎಎಸ್ ಅಂದರೆ ಅದೇ ತಾನೆ. ಹತ್ತಿ, ತೊಗರಿಗೆ ಡ್ರೋನಿನಿಂದ ಔಷಧಿ ಹೊಡೆಯುವ ಪ್ರಯೋಗಗಳೂ ಆ ವಿಶ್ವವಿದ್ಯಾಲಯದಲ್ಲೇ ನಡೆದಿವೆ, ಹಾಗಾಗಿ ಅವರ ನೋಟ್ಸ್ ಅಷ್ಟೇನೂ ಕೆಟ್ಟಿರಲಿಲ್ಲ.

ಮೂರನೇ ದಿನ ಸಿಮ್ಯುಲೇಟರ್. ಹುಡುಗರು ವಿಡಿಯೋ ಗೇಮ್ ಎಂದುಕೊಂಡು ಖುಷಿಯಾಗಿ ಕೂರುತ್ತಾರೆ. ಮೈದಾನದಲ್ಲಿ ಒಂದು ಡ್ರೋನ್ ಕೆಡವಿದರೆ ರಿಪೇರಿಗೆ ಸಾವಿರಾರು ರೂಪಾಯಿ. ಇಲ್ಲಿ ನೂರು ಸಲ ಕೆಡವಬಹುದು.

ಕೊನೆಯ ಎರಡು ದಿನ ಮೈದಾನ. ನಿಜವಾದ ವಿದ್ಯೆ ಇರುವುದು ಇಲ್ಲೇ. ಈಗಿನ ಡ್ರೋನ್ ಹಾರಿಸುವುದು ಸುಲಭ ಎಂದು ಎಲ್ಲರೂ ಹೇಳುತ್ತಾರೆ. ಹೌದು, ಜಿಪಿಎಸ್ ಇರುವವರೆಗೆ ಸುಲಭ. ರಿಮೋಟಿನ ಸ್ಟಿಕ್ ಬಿಟ್ಟರೆ ಗಾಳಿಯಲ್ಲಿ ಮೊಳೆ ಹೊಡೆದ ಹಾಗೆ ನಿಲ್ಲುತ್ತದೆ. ನಾನು ಮೊದಲ ಅರ್ಧ ದಿನ ಹಾಗೆ ಹಾರಿಸಲು ಬಿಟ್ಟು, ಆಮೇಲೆ ಜಿಪಿಎಸ್ ಹಿಡಿತ ತೆಗೆದುಬಿಡುತ್ತೇನೆ. ಆಗ ಡ್ರೋನ್ ಸ್ಟಿಕ್ ಬಿಟ್ಟರೂ ನಿಲ್ಲುವುದಿಲ್ಲ. ಗಾಳಿ ತಳ್ಳಿದ ಕಡೆಗೆ, ಎಣ್ಣೆ ಚೆಲ್ಲಿದ ನೆಲದ ಮೇಲೆ ಕಾಲಿಟ್ಟ ಹಾಗೆ, ಜಾರುತ್ತಾ ಹೋಗುತ್ತದೆ. ಹತ್ತು ಸೆಕೆಂಡಿನಲ್ಲಿ ಹುಡುಗನ ಕತ್ತಿನ ಹಿಂದೆ ಬೆವರು. ಒಂದು ದಿನ ಸರ್ವೆ ಮಾಡುವಾಗಲೋ, ಹೈಟೆನ್ಷನ್ ಲೈನ್ ಹತ್ತಿರ ಕಂಪಾಸ್ ಕೆಟ್ಟಾಗಲೋ ನಿಜವಾಗಿ ಹೀಗೇ ಆಗುತ್ತದೆ. ಅವತ್ತು ಕೈಗೆ ಬರುವುದು ಇವತ್ತಿನ ಈ ಬೆವರೇ.

ಇನ್ನೊಂದು ಕಷ್ಟ ಡ್ರೋನಿನ ಮುಖ. ಅದರ ಬೆನ್ನು ನಮ್ಮ ಕಡೆ ಇದ್ದಾಗ ಎಡ ಅಂದರೆ ಎಡ. ಅದು ತಿರುಗಿ ನಮ್ಮನ್ನೇ ನೋಡುತ್ತಾ ಬರುವಾಗ ಎಡ ಬಲ ಅದಲು ಬದಲು. ಎಂಟರ ಆಕಾರದಲ್ಲಿ ಹಾರಿಸುವಾಗ ಇದು ಪ್ರತಿ ಸುತ್ತಿಗೂ ಎರಡು ಸಲ ಆಗುತ್ತದೆ. ಎಂಜಿನಿಯರಿಂಗ್ ಓದಿದ ಹುಡುಗರು ಕಾಗದದ ಮೇಲೆ ಬಾಣ ಬರೆದುಕೊಂಡು ಯೋಚಿಸುತ್ತಾರೆ. ಯೋಚಿಸುವಷ್ಟರಲ್ಲಿ ಡ್ರೋನ್ ಬೇಲಿ ದಾಟಿರುತ್ತದೆ. ಇದನ್ನು ಎಲ್ಲರಿಗಿಂತ ಬೇಗ ಕಲಿಯುವವರು ಯಾರು ಗೊತ್ತಾ? ಟ್ರ್ಯಾಕ್ಟರಿಗೆ ಟ್ರೇಲರ್ ಕಟ್ಟಿ ರಿವರ್ಸ್ ಹೊಡೆದು ಅಭ್ಯಾಸ ಇರುವವರು. ಟ್ರೇಲರ್ ಎಡಕ್ಕೆ ಹೋಗಬೇಕಾದರೆ ಸ್ಟೇರಿಂಗ್ ಬಲಕ್ಕೆ ತಿರುಗಿಸಬೇಕು, ಅದು ಅವರ ಕೈಗೆ ಗೊತ್ತು, ತಲೆಯನ್ನು ಕೇಳಬೇಕಾಗಿಲ್ಲ. ಮಾನ್ವಿ ಕಡೆಯ ಒಬ್ಬರು ಮೊದಲ ಗಂಟೆಯಲ್ಲೇ ಎಂಟು ಹಾಕಿ ಇಳಿಸಿ, "ಇಷ್ಟೇ ಏನ್ರೀ ಸರ?" ಎಂದು ಕೇಳಿದ್ದರು.

ನಮೋ ಡ್ರೋನ್ ದೀದಿ ಯೋಜನೆಯಡಿ ಸ್ವಸಹಾಯ ಸಂಘದ ಹೆಣ್ಣುಮಕ್ಕಳೂ ಈ ತರಬೇತಿಗೆ ಬರುತ್ತಾರೆ. ಆ ಯೋಜನೆಯಲ್ಲಿ ಒಟ್ಟು 15,000 ಸಂಘಗಳಿಗೆ ಡ್ರೋನ್ ಕೊಡುವ ಗುರಿ ಇಟ್ಟಿದ್ದರು. ಬೆಲೆಯ ಶೇ. 80ರಷ್ಟು, ಹೆಚ್ಚೆಂದರೆ 8 ಲಕ್ಷ ರೂಪಾಯಿ, ಸಹಾಯಧನ. ತರಬೇತಿ 15 ದಿನ: ಐದು ದಿನ ಪೈಲಟ್ ಪಾಠ, ಹತ್ತು ದಿನ ಗೊಬ್ಬರ, ಔಷಧಿ ಹೊಡೆಯುವ ಪಾಠ. ಆ ಹತ್ತು ದಿನ ಎಲ್ಲ ವಿದ್ಯಾರ್ಥಿಗಳಿಗೂ ಇರಬೇಕಿತ್ತು ಎಂದು ನನಗೆ ಯಾವಾಗಲೂ ಅನಿಸುತ್ತದೆ. ಆರ್‌ಪಿಸಿ ಕೈಯಲ್ಲಿ ಹಿಡಿದು ಹೋಗುವ ಹುಡುಗನಿಗೆ ಹಾರಿಸಲು ಬರುತ್ತದೆ, ಕೆಲಸ ಬರುವುದಿಲ್ಲ.

ಔಷಧಿ ಕೆಲಸವನ್ನೇ ನೋಡಿ. ಹತ್ತು ಲೀಟರಿನ ಟ್ಯಾಂಕಿನ ಡ್ರೋನ್ ಒಂದು ಎಕರೆಯನ್ನು ಹತ್ತು ನಿಮಿಷದೊಳಗೆ ಮುಗಿಸುತ್ತದೆ. ಬೆನ್ನಿಗೆ ಪಂಪ್ ಕಟ್ಟಿಕೊಂಡು ಹೊಡೆದರೆ ಅರ್ಧ ದಿನದ ಕೆಲಸ, ಔಷಧಿಯೂ ಮೈಮೇಲೆ. ಹಾಗಾದರೆ ದಿನಕ್ಕೆ ಐವತ್ತು ಎಕರೆ ಹೊಡೆಯಬಹುದಲ್ಲ ಎಂದು ಹುಡುಗರು ಲೆಕ್ಕ ಹಾಕುತ್ತಾರೆ. ಆಗುವುದಿಲ್ಲ. ಬೆಳಗ್ಗೆ ಹತ್ತು ಗಂಟೆಯ ಮೇಲೆ ಗಾಳಿ ಏಳುತ್ತದೆ, ಬಿಸಿಲಿಗೆ ಹನಿ ಎಲೆ ಮುಟ್ಟುವ ಮೊದಲೇ ಆರುತ್ತದೆ. ಮತ್ತೆ ಶುರು ಮಾಡುವುದು ಸಂಜೆ ನಾಲ್ಕರ ಮೇಲೆ. ಒಂದು ಟ್ಯಾಂಕಿಗೆ ಹೆಚ್ಚುಕಮ್ಮಿ ಒಂದು ಜೊತೆ ಬ್ಯಾಟರಿ. ಹೊಲದಲ್ಲಿ ಕರೆಂಟ್ ಎಲ್ಲಿ? ಜನರೇಟರ್ ಹೊತ್ತೊಯ್ಯಬೇಕು. ಬ್ಯಾಟರಿ ಬಿಸಿ ಆರದೆ ಚಾರ್ಜಿಗೆ ಹಾಕಿದರೆ ಅದು ಉಬ್ಬಿ, ತಿಂಗಳಲ್ಲೇ ಕಸ. ಉಬ್ಬಿದ್ದನ್ನು ಮನೆಯಲ್ಲಿಟ್ಟುಕೊಂಡರೆ ಬೆಂಕಿಯ ಭಯ.

ಅದಕ್ಕಿಂತ ದೊಡ್ಡದು ಪಕ್ಕದ ಹೊಲ. ಶಿಡ್ಲಘಟ್ಟ, ರಾಮನಗರದ ಕಡೆ ಕೆಲಸ ಮಾಡುವವರು ಇದನ್ನು ಬರೆದಿಟ್ಟುಕೊಳ್ಳಿ. ನೀವು ರಾಗಿಗೋ ಟೊಮೆಟೊಗೋ ಕೀಟನಾಶಕ ಹೊಡೆಯುತ್ತಿದ್ದೀರಿ. ಬದುವಿನಾಚೆ ಹಿಪ್ಪುನೇರಳೆ ಇದೆ. ಗಾಳಿಗೆ ಸಣ್ಣ ಹನಿ ಅಷ್ಟು ದೂರ ತೇಲಿದರೆ ಸಾಕು. ಆ ಸೊಪ್ಪು ತಿಂದ ರೇಷ್ಮೆ ಹುಳು ಸಾಯುತ್ತದೆ, ಒಂದು ಮನೆಯವರ ಇಡೀ ಬೆಳೆ ಹೋಗುತ್ತದೆ. ಆಗ ನಿಮ್ಮ ಆರ್‌ಪಿಸಿ, ಯುಐಎನ್ ಯಾವುದೂ ಜಗಳ ಬಿಡಿಸುವುದಿಲ್ಲ. ನಾನು ಹೊಲಕ್ಕೆ ಹೋದರೆ ಮೊದಲು ನಾಲ್ಕು ಬದುವಿನ ಆಚೆ ಏನಿದೆ ಎಂದು ನಡೆದು ನೋಡುತ್ತೇನೆ. ಜೇನುಪೆಟ್ಟಿಗೆ ಇದ್ದರೂ ಅವತ್ತು ಕೆಲಸ ಇಲ್ಲ.

ಇನ್ನು ಜಾಗ. ಸರ್ಕಾರ 2021ರ ಸೆಪ್ಟೆಂಬರ್‌ನಲ್ಲಿ ಇಡೀ ದೇಶದ ಆಕಾಶದ ನಕ್ಷೆಯನ್ನು ಡಿಜಿಟಲ್ ಸ್ಕೈ ಎಂಬ ಪೋರ್ಟಲಿನಲ್ಲಿ ಹಾಕಿತು. ಹಸಿರು, ಹಳದಿ, ಕೆಂಪು. ಹಸಿರಿನಲ್ಲಿ 400 ಅಡಿವರೆಗೆ ಹಾರಿಸಲು ಮೊದಲೇ ಅನುಮತಿ ಕೇಳಬೇಕಾಗಿಲ್ಲ. ವಿಮಾನ ನಿಲ್ದಾಣದ ಗಡಿಯಿಂದ 8ರಿಂದ 12 ಕಿಲೋಮೀಟರ್ ನಡುವೆಯಾದರೆ 200 ಅಡಿವರೆಗೆ ಮಾತ್ರ ಹಸಿರು. ಹಳದಿಯಲ್ಲಿ ಏರ್ ಟ್ರಾಫಿಕ್ ಕಂಟ್ರೋಲ್ ಅನುಮತಿ ಬೇಕು. ಕೆಂಪಿಗೆ ಕೇಂದ್ರ ಸರ್ಕಾರವೇ ಒಪ್ಪಬೇಕು. ನಾವು ಅಲ್ಲಿಗೆ ಹೋಗುವುದೇ ಇಲ್ಲ.

ಬೆಂಗಳೂರಿನವರ ಪಾಡು ಕಷ್ಟ. ದೇವನಹಳ್ಳಿಯಲ್ಲಿ ಒಂದು ನಿಲ್ದಾಣ, ಎಚ್‌ಎಎಲ್‌ನಲ್ಲಿ ಒಂದು, ಯಲಹಂಕದಲ್ಲಿ ವಾಯುಪಡೆ, ಜಕ್ಕೂರಿನಲ್ಲಿ ವಿಮಾನ ಕಲಿಸುವ ಶಾಲೆ. ನಕ್ಷೆಯಲ್ಲಿ ಊರಿನ ಉತ್ತರ, ಪೂರ್ವ ಭಾಗದಲ್ಲಿ ಹಸಿರು ಹುಡುಕಿದರೂ ಸಿಗುವುದು ಕಷ್ಟ. ಬೇರೆ ಊರಿನವರೂ ನಿಶ್ಚಿಂತೆಯಾಗಿರುವ ಹಾಗಿಲ್ಲ. ಶಿವಮೊಗ್ಗದ ಸೋಗಾನೆ ನಿಲ್ದಾಣ 2023ರ ಫೆಬ್ರವರಿಯಲ್ಲಿ ಉದ್ಘಾಟನೆಯಾಯಿತು. ಅದಕ್ಕಿಂತ ಮುಂಚೆ ಅಲ್ಲಿ ಆರಾಮಾಗಿ ಹಾರಿಸುತ್ತಿದ್ದವರು ಹಳೇ ನೆನಪಿನ ಮೇಲೆ ಹಾರಿಸಿದರೆ ಕೆಟ್ಟರು. ಕಾರವಾರದಲ್ಲಿ ನೌಕಾನೆಲೆ, ಕೈಗಾದಲ್ಲಿ ಅಣುಸ್ಥಾವರ, ಚಳ್ಳಕೆರೆ ಹತ್ತಿರ ಡಿಆರ್‌ಡಿಒದ ಪರೀಕ್ಷಾ ಕೇಂದ್ರ. ಹಂಪಿ ನಕ್ಷೆಯಲ್ಲಿ ಹೇಗೇ ಕಾಣಲಿ, ಸ್ಮಾರಕಗಳ ಮೇಲೆ ಹಾರಿಸಲು ಪುರಾತತ್ವ ಇಲಾಖೆಯನ್ನು ಕೇಳಲೇಬೇಕು. ಬಂಡೀಪುರ, ನಾಗರಹೊಳೆಯಲ್ಲಿ ಅರಣ್ಯ ಇಲಾಖೆ. ಪ್ರೀ ವೆಡ್ಡಿಂಗ್ ಶೂಟಿಂಗ್‌ನವರು ಈ ಎರಡರಲ್ಲೇ ಹೆಚ್ಚಾಗಿ ಸಿಕ್ಕಿಬೀಳುತ್ತಾರೆ.

ನಕ್ಷೆ ಒಮ್ಮೆ ನೋಡಿದರೆ ಸಾಲದು ಎಂಬುದನ್ನು ನಾನು ಪೊಲೀಸ್ ಠಾಣೆಯ ಬೆಂಚಿನ ಮೇಲೆ ಕೂತು ಕಲಿತೆ. ಒಂದು ಊರಿನಲ್ಲಿ ಲೇಔಟ್ ಸರ್ವೆ ಒಪ್ಪಿಕೊಂಡಿದ್ದೆ. ಹಿಂದಿನ ಸಂಜೆ ನೋಡಿದಾಗ ಪೂರ್ತಿ ಹಸಿರು. ಬೆಳಗ್ಗೆ ಆರಕ್ಕೇ ಹೋಗಿ ಹಾರಿಸಿದೆ. ಎರಡನೇ ಬ್ಯಾಟರಿ ಹಾಕುವಾಗ ಜೀಪು ಬಂತು. ಅವತ್ತು ಮಧ್ಯಾಹ್ನ ಆ ಊರಿಗೆ ದೊಡ್ಡ ಮಂತ್ರಿಗಳು ಬರುವವರಿದ್ದರು, ರಾತ್ರಿಯೇ ತಾತ್ಕಾಲಿಕ ಕೆಂಪು ವಲಯ ಎಂದು ಘೋಷಣೆ ಆಗಿತ್ತು. ನಿಯಮದಲ್ಲಿ ಇದಕ್ಕೆ ಅವಕಾಶ ಇದೆ. ಒಂದು ಸಲಕ್ಕೆ 96 ಗಂಟೆಯವರೆಗೆ ಹೀಗೆ ಮಾಡಬಹುದು. ನನ್ನ ಹತ್ತಿರ ಆರ್‌ಪಿಸಿ ಇತ್ತು, ಯುಐಎನ್ ಇತ್ತು, ವಿಮೆ ಇತ್ತು. ಅವನ್ನೆಲ್ಲ ತೋರಿಸಿದ್ದಕ್ಕೆ ಸಂಜೆ ಡ್ರೋನ್ ವಾಪಸ್ ಕೊಟ್ಟು ಬುದ್ಧಿ ಹೇಳಿ ಕಳಿಸಿದರು. ಒಂದೇ ಒಂದು ಕಾಗದ ಕಮ್ಮಿ ಇದ್ದಿದ್ದರೂ ಆ ಸಂಜೆ ಬೇರೆ ಥರ ಇರುತ್ತಿತ್ತು. ನಿಯಮ ಮುರಿದರೆ ಒಂದು ಲಕ್ಷ ರೂಪಾಯಿವರೆಗೆ ದಂಡ ಹಾಕಬಹುದು. 2025ರ ಸೆಪ್ಟೆಂಬರ್‌ನಲ್ಲಿ ಸಿವಿಲ್ ಡ್ರೋನ್ ಮಸೂದೆಯ ಕರಡು ಜನರ ಅಭಿಪ್ರಾಯಕ್ಕೆ ಬಂದಾಗ ಅದರಲ್ಲಿ ಜೈಲಿನ ಮಾತೂ ಇತ್ತು. ಅವತ್ತಿನಿಂದ ನಾನು ನಕ್ಷೆಯನ್ನು ಮೂರು ಸಲ ನೋಡುತ್ತೇನೆ. ಕೆಲಸ ಒಪ್ಪುವ ಮೊದಲು, ಹಿಂದಿನ ರಾತ್ರಿ, ಆಮೇಲೆ ಜಾಗದಲ್ಲಿ ನಿಂತು ರೆಕ್ಕೆ ತಿರುಗಿಸುವ ಮೊದಲು. ಪ್ರತಿ ಸಲವೂ ಸ್ಕ್ರೀನ್‌ಶಾಟ್. ಹತ್ತಿರದ ಠಾಣೆಗೆ ಒಂದು ಫೋನ್. ಹಸಿರಿನಲ್ಲಿ ಇದನ್ನು ಡ್ರೋನ್ ನಿಯಮ ಕೇಳುವುದಿಲ್ಲ, ಆದರೆ ನಾಲ್ಕು ರೆಕ್ಕೆಯ ಯಂತ್ರ ಹಿತ್ತಿಲ ಮೇಲೆ ಬಂದರೆ ಜನ ಮೊದಲು ಫೋನ್ ಮಾಡುವುದು ಠಾಣೆಗೇ.

ವಿಮೆ ಎಂದೆನಲ್ಲ. ನ್ಯಾನೊ ಬಿಟ್ಟು ಎಲ್ಲದಕ್ಕೂ ಥರ್ಡ್ ಪಾರ್ಟಿ ವಿಮೆ ಕಡ್ಡಾಯ, ಮೋಟಾರು ವಾಹನ ಕಾಯ್ದೆಯ ರೀತಿಯಲ್ಲೇ. ಅಪಘಾತವಾದರೆ 48 ಗಂಟೆಯೊಳಗೆ ಪೋರ್ಟಲಿನಲ್ಲಿ ತಿಳಿಸಬೇಕು. ಮುಚ್ಚಿಡುವವರೇ ಜಾಸ್ತಿ. ವಿಮೆ ಹಣ ಕೇಳಲು ಹೋದಾಗ ಅದೇ ಅವರ ಕುತ್ತಿಗೆಗೆ ಬರುತ್ತದೆ.

ಕೆಲಸ ಸಿಗುತ್ತದಾ ಎಂಬ ಪ್ರಶ್ನೆಗೆ ನಾನು ಹೂಂ ಎಂದು ಸುಲಭವಾಗಿ ಹೇಳುವುದಿಲ್ಲ. ಹಳ್ಳಿಯ ಗ್ರಾಮಠಾಣಾ ಮನೆಗಳನ್ನು ಅಳೆದು ಹಕ್ಕುಪತ್ರ ಕೊಡುವ ಸ್ವಾಮಿತ್ವ ಯೋಜನೆ 2020ರಲ್ಲಿ ಶುರುವಾದಾಗ ಪ್ರಯೋಗದ ರಾಜ್ಯಗಳಲ್ಲಿ ಕರ್ನಾಟಕವೂ ಇತ್ತು. ಸರ್ವೆಯ ರುಚಿ ನಮ್ಮ ಕಡೆ ಆಗಲೇ ಹತ್ತಿದೆ. ಆದರೆ ಸರ್ವೆ ಕಂಪನಿಗಳು ಆರ್‌ಪಿಸಿ ನೋಡಿ ಕರೆದರೂ, ಉಳಿಸಿಕೊಳ್ಳುವುದು ನೆಲದಲ್ಲಿ ಗುರುತು ಹಾಕಲು, ಕಂಪ್ಯೂಟರಿನಲ್ಲಿ ಫೋಟೋ ಜೋಡಿಸಿ ನಕ್ಷೆ ಮಾಡಲು ಬರುವವರನ್ನು. ಬರೀ ಸ್ಟಿಕ್ ಹಿಡಿಯುವವರಿಗೆ ಸಂಬಳ ಕಮ್ಮಿ. ಔಷಧಿ ಕೆಲಸದಲ್ಲಿ ಎಕರೆಗೆ ನಾಲ್ಕೈದು ನೂರು ಸಿಗುತ್ತದೆ, ಆದರೆ ಅದು ಸೀಸನ್ ಕೆಲಸ. ವರ್ಷದ ಹನ್ನೆರಡು ತಿಂಗಳೂ ಹೊಲಕ್ಕೆ ಯಾರೂ ಔಷಧಿ ಹೊಡೆಸುವುದಿಲ್ಲ, ಅಲ್ವಾ? ಸಾಲ ಮಾಡಿ ಡ್ರೋನ್ ಕೊಳ್ಳುವ ಮೊದಲು ಒಂದು ಸೀಸನ್ ಇನ್ನೊಬ್ಬರ ಕೈಕೆಳಗೆ ಟ್ಯಾಂಕ್ ತುಂಬಿಸಿ ನೋಡಿ ಎಂದು ನಾನು ಎಲ್ಲರಿಗೂ ಹೇಳುತ್ತೇನೆ. ಕೇಳುವವರು ಕಮ್ಮಿ.

ಹರಿಹರದ ಹುಡುಗ ಕೇಳಿದ. ಕೋರ್ಸ್ ಮಾಡಿದ, ಸ್ಮಾಲ್ ವರ್ಗದ ಸರ್ಟಿಫಿಕೇಟ್ ತಗೊಂಡ, ಈಗ ರಾಣೆಬೆನ್ನೂರಿನ ಕಡೆ ಒಬ್ಬರ ಜತೆ ಮೆಕ್ಕೆಜೋಳಕ್ಕೆ ಔಷಧಿ ಹೊಡೆಯುತ್ತಿದ್ದಾನೆ. ಅವರ ತಂದೆ ಮೊನ್ನೆ ಮತ್ತೆ ಫೋನ್ ಮಾಡಿದ್ದರು.

"ಸಾರ್, ಅದು ಹಳೇದು ಇದೆಯಲ್ಲ, ಅದನ್ನ ಏನ್ ಮಾಡೋದು? ಯಾರಿಗಾದ್ರೂ ಮಾರಲಾ?"

ಯುಐಎನ್ ಇರುವ ಡ್ರೋನನ್ನು ಇನ್ನೊಬ್ಬರ ಹೆಸರಿಗೆ ಮಾಡಿಸುವುದು ನೂರು ರೂಪಾಯಿಯ ಕೆಲಸ. ಇದಕ್ಕೆ ನಂಬರೂ ಇಲ್ಲ, ಬಿಲ್ಲೂ ಇಲ್ಲ. ಮಾರಿದರೆ ಇನ್ನೊಬ್ಬ ತಂದೆ ನನಗೆ ಫೋನ್ ಮಾಡುತ್ತಾರೆ. ಮಾರಬೇಡಿ ಎಂದೆ. ಅದೀಗ ಅವರ ಅಲ್ಮೇರಾದಲ್ಲಿದೆ. ಬ್ಯಾಟರಿಯನ್ನು ತೆಗೆದು ಬೇರೆ ಇಡಿ ಎಂದು ಹೇಳಿದ್ದೇನೆ.